ತೆಳು ಪದರಗಳಲ್ಲಿ ಶಾಖದ ದಾರಿ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಉರ್ದು, ಕನ್ನಡ ಪಾಠ ಹೇಳುವ ಮಾಸ್ತರ್ ಒಬ್ಬ ಭೌತಶಾಸ್ತ್ರದ ಬಗ್ಗೆ ಮಾತನಾಡಲು ಎದ್ದು ನಿಂತಿದ್ದಾನೆ ಎಂದು ಹಿಂದಿನ ಸಾಲಿನಲ್ಲಿ ಕೆಲವರು ನಗುತ್ತಿರುವುದು ಕಾಣಿಸುತ್ತಿದೆ. ನಗಿರಿ, ಅಡ್ಡಿಯಿಲ್ಲ. ಈ ವಿಷಯ ನಾನಾಗಿ ಹುಡುಕಿಕೊಂಡು ಹೋದದ್ದಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಎಂ.ಎಸ್ಸಿ. ಭೌತಶಾಸ್ತ್ರ ಮುಗಿಸಿ ಮುಂದೆ ಸಂಶೋಧನೆಗೆ ಹೋಗಬೇಕೆಂದಿದ್ದಳು. ಮನೆಯಲ್ಲಿ ಒಪ್ಪಿಗೆ ಇರಲಿಲ್ಲ. ಅವಳ ತಂದೆ ನದಾಫರು, ಹತ್ತಿ ಹಿಂಜಿ ಗಾದಿ, ರಜಾಯಿ ಹೊಲಿಯುವವರು. ರಮಜಾನ್ ತಿಂಗಳಲ್ಲಿ ಒಂದು ಸಂಜೆ ಇಫ್ತಾರ್‌ಗೆ ಕರೆದು, "ಮಾಸ್ತರ್, ಇವಳು ಏನು ಓದುತ್ತಾಳೆ ಅಂತ ನೀವಾದರೂ ಹೇಳಿ. ಎರಡು ವರ್ಷದಿಂದ ಕೇಳುತ್ತಿದ್ದೇನೆ. ಅದು ಇಂಗ್ಲಿಷಿನಲ್ಲೇ ಇದೆ, ನಿಮಗೆ ತಿಳಿಯುವುದಿಲ್ಲ ಅಬ್ಬಾ ಅನ್ನುತ್ತಾಳೆ. ನನಗೆ ತಿಳಿಯದ ವಿಷಯಕ್ಕೆ ಇನ್ನೂ ಐದು ವರ್ಷ ಹೇಗೆ ಕಳಿಸಲಿ?" ಎಂದರು.

ತಪ್ಪು ತಂದೆಯದೋ ಮಗಳದೋ? ನನಗನ್ನಿಸಿದ್ದು, ಇಬ್ಬರದೂ ಅಲ್ಲ. ಮನೆಯ ಮಾತಿನಲ್ಲಿ ಈ ವಿಷಯ ಹೇಳುವ ಅಭ್ಯಾಸ ನಮ್ಮಲ್ಲಿಲ್ಲ, ಅಷ್ಟೆ. ಅದು ಭಾಷಾ ಶಿಕ್ಷಕರ ಕೆಲಸವೂ ಹೌದಲ್ಲವೇ? ಅಂದು ಮೂವರೂ ಕುಳಿತೆವು. ತರಾವೀಹ್ ಮುಗಿಸಿ ಬಂದು ಮತ್ತೆ ಕುಳಿತೆವು. ಅಲ್ಲಿ ನಡೆದ ಮಾತನ್ನೇ ಇಂದು ನಿಮ್ಮ ಮುಂದಿಡುತ್ತೇನೆ. ಬರೆದದ್ದನ್ನು ಆ ಹುಡುಗಿಯೇ ಓದಿ ಎರಡು ಕಡೆ ತಿದ್ದಿದ್ದಾಳೆ.

ಅವಳ ವಿಷಯದ ಹೆಸರು ಇಷ್ಟುದ್ದ: ಪದರ ಪದರವಾದ ಅರೆವಾಹಕ ನ್ಯಾನೋ ರಚನೆಗಳಲ್ಲಿ ಉಷ್ಣವಹನದ ಮಾದರಿ. ಬಿಡಿಸಿ ಹೇಳಿದರೆ, ತೀರಾ ತೆಳುವಾದ ಪದರಗಳನ್ನು ಒಂದರ ಮೇಲೊಂದು ಕೂರಿಸಿದಾಗ ಅವುಗಳ ಮೂಲಕ ಶಾಖ ಹೇಗೆ ದಾಟುತ್ತದೆ ಎಂದು ಲೆಕ್ಕ ಹಾಕುವುದು. ತೆಳು ಎಂದರೆ ಎಷ್ಟು? ಒಂದು ನ್ಯಾನೋಮೀಟರ್ ಎಂದರೆ ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ನಿಮ್ಮ ಬೆರಳಿನ ಉಗುರು ಒಂದು ಸೆಕೆಂಡಿಗೆ ಬೆಳೆಯುವುದು ಸುಮಾರು ಅಷ್ಟು. ಇವಳ ಪದರಗಳು ಮೂರು, ಐದು, ಹತ್ತು ನ್ಯಾನೋಮೀಟರ್ ದಪ್ಪದವು.

"ರಜಾಯಿಯ ಹಾಗೆ" ಎಂದರು ತಂದೆ, ತಕ್ಷಣ. "ಪದರ ಹೆಚ್ಚಾದಷ್ಟೂ ಬೆಚ್ಚಗೆ."

ಒಳ್ಳೆಯ ಆರಂಭ. ಆದರೆ ಅವರೇ ಮುಂದುವರಿಸಿ ಹೇಳಿದ ಮಾತು ಅದಕ್ಕಿಂತ ಒಳ್ಳೆಯದು. ಬೆಚ್ಚಗಿಡುವುದು ಹತ್ತಿಯಲ್ಲ, ಹತ್ತಿಯೊಳಗೆ ಸಿಕ್ಕಿಕೊಂಡ ಗಾಳಿ. ಹಳೆಯ ರಜಾಯಿ ಒತ್ತಿಹೋಗಿ ಗಟ್ಟಿಯಾದರೆ ಚಳಿ ತಡೆಯುವುದಿಲ್ಲ. ಬಿಚ್ಚಿ ಮತ್ತೆ ಹಿಂಜಿದರೆ ತಡೆಯುತ್ತದೆ. ಇದು ಅವರ ತಾತನ ಕಾಲದಿಂದ ಬಂದ ತಿಳಿವಳಿಕೆ. ವಿಜ್ಞಾನ ಹೇಳುವುದೂ ಅದನ್ನೇ. ಉಷ್ಣ ವಾಹಕತೆಯನ್ನು ಅಳೆಯುವ ಕ್ರಮ ಹೀಗಿದೆ: ಒಂದು ಮೀಟರ್ ದಪ್ಪದ, ಒಂದು ಚದರ ಮೀಟರ್ ವಿಸ್ತೀರ್ಣದ ಗೋಡೆಯ ಎರಡು ಬದಿಗಳ ನಡುವೆ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಎಷ್ಟು ವ್ಯಾಟ್ ಶಾಖ ದಾಟುತ್ತದೆ ಎಂದು ನೋಡುವುದು. ತಾಮ್ರಕ್ಕೆ ಅದು ಸುಮಾರು 400. ಸಿಲಿಕಾನಿಗೆ 150ರ ಆಸುಪಾಸು. ಗಾಜಿಗೆ ಸುಮಾರು 1. ನಿಂತ ಗಾಳಿಗೆ 0.025 ಮಾತ್ರ. ರಜಾಯಿಯ ಗುಟ್ಟು ಆ ಕೊನೆಯ ಸಂಖ್ಯೆಯಲ್ಲಿದೆ.

ಈಗ ಸಮಸ್ಯೆ ನೋಡಿ. ಅರೆವಾಹಕ ಪದರಗಳ ನಡುವೆ ಗಾಳಿಯೇ ಇಲ್ಲ. ನಿರ್ವಾತದ ಪೆಟ್ಟಿಗೆಯೊಳಗೆ ಧಾತುಗಳನ್ನು ಆವಿ ಮಾಡಿ, ಪರಮಾಣುಗಳ ಸಾಲಿನ ಮೇಲೆ ಸಾಲು ಕೂರಿಸುತ್ತಾರೆ. ಒಂದು ಪದರದ ಕೊನೆಯ ಸಾಲಿಗೂ ಮುಂದಿನ ಪದರದ ಮೊದಲ ಸಾಲಿಗೂ ನಡುವೆ ಕೂದಲೆಳೆಯ ಸಂದೂ ಇರುವುದಿಲ್ಲ, ಪರಮಾಣು ಪರಮಾಣುವನ್ನು ಹಿಡಿದುಕೊಂಡಿರುತ್ತದೆ. ಹೀಗೆ ಎರಡು ಅರೆವಾಹಕಗಳನ್ನು ಪರ್ಯಾಯವಾಗಿ ಜೋಡಿಸಿದ ರಚನೆಗೆ ಸೂಪರ್‌ಲ್ಯಾಟಿಸ್ ಎನ್ನುತ್ತಾರೆ. 1970ರಲ್ಲಿ ಲಿಯೋ ಎಸಾಕಿ ಮತ್ತು ರಾಫೆಲ್ ತ್ಸು ಇದರ ಕಲ್ಪನೆಯನ್ನು ಮುಂದಿಟ್ಟರು. ಅವರ ಗಮನವಿದ್ದದ್ದು ವಿದ್ಯುತ್ತಿನ ಮೇಲೆ. ಶಾಖದ ಪ್ರಶ್ನೆ ಆಮೇಲೆ ಬಂತು.

ಆ ಪ್ರಶ್ನೆಗೆ ನಮ್ಮ ಪಠ್ಯಪುಸ್ತಕದ ಉತ್ತರವೇನು? ಫ್ರಾನ್ಸಿನ ಜೋಸೆಫ್ ಫೂರಿಯೆ 1807ರಲ್ಲಿ ಪ್ಯಾರಿಸ್ಸಿನ ವಿದ್ವಾಂಸರಿಗೆ ಒಪ್ಪಿಸಿ, ಅವರ ಆಕ್ಷೇಪಗಳನ್ನೆಲ್ಲ ದಾಟಿ 1822ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ನಿಯಮ. ಬಿಸಿಯಿಂದ ತಂಪಿನ ಕಡೆಗೆ ಶಾಖ ಹರಿಯುತ್ತದೆ, ತಾಪದ ಇಳಿಜಾರು ಕಡಿದಾದಷ್ಟೂ ಹರಿವು ಹೆಚ್ಚು. ಇಷ್ಟೇ. ಇನ್ನೂರು ವರ್ಷಗಳಿಂದ ಬಾಯ್ಲರುಗಳೂ ಎಂಜಿನ್‌ಗಳೂ ಕಟ್ಟಡಗಳೂ ಈ ನಿಯಮದ ಮೇಲೆ ನಡೆದಿವೆ.

ಇದರಂತೆ ಲೆಕ್ಕ ಮಾಡೋಣ. ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕದ ವಾಹಕತೆ ಸುಮಾರು 45. ಅಲ್ಯೂಮಿನಿಯಂ ಆರ್ಸೆನೈಡಿನದು ಸುಮಾರು 90. ಎರಡನ್ನೂ ಸಮ ದಪ್ಪದಲ್ಲಿ ಜೋಡಿಸಿದರೆ, ವಿದ್ಯುತ್ತಿನಲ್ಲಿ ತಡೆಗಳನ್ನು ಸರಣಿಯಲ್ಲಿ ಕೂಡಿದಂತೆಯೇ ಕೂಡಬೇಕು. ಉತ್ತರ 60. ಹತ್ತನೇ ತರಗತಿಯವರು ಕಾಗದದ ಮೇಲೆ ಮಾಡಿ ನೋಡಿ. ಇದರಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಎರಡು ದಪ್ಪ ಪದರಗಳಾದರೂ 60, ಅದನ್ನೇ ಸಾವಿರ ತೆಳು ಪದರಗಳಾಗಿ ಹಂಚಿದರೂ 60. ಎಷ್ಟು ಬಾರಿ ಕತ್ತರಿಸಿದಿರಿ ಎಂಬುದು ಫೂರಿಯೆಯ ಲೆಕ್ಕಕ್ಕೆ ಗೊತ್ತೇ ಆಗುವುದಿಲ್ಲ.

ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಕ್ಯಾಪಿನ್ಸ್ಕಿ ಮತ್ತು ಮ್ಯಾರಿಸ್ 1996ರಲ್ಲಿ ಇದೇ ಎರಡು ವಸ್ತುಗಳ ತೆಳು ಪದರಗಳನ್ನು ಅಳೆದರು. ಅಲ್ಲಿಗೆ ಥರ್ಮಾಮೀಟರ್ ಇಳಿಸಲು ಸಾಧ್ಯವಿಲ್ಲ. ಲೇಸರ್ ಬೆಳಕಿನ ಕ್ಷಣಮಾತ್ರದ ಒಂದು ಮಿಂಚಿನಿಂದ ಮೇಲ್ಭಾಗವನ್ನು ಬಿಸಿ ಮಾಡಿ, ಅದು ತಣಿಯುವ ವೇಗವನ್ನು ಇನ್ನೊಂದು ಮಿಂಚಿನಿಂದ ನೋಡುವ ವಿಧಾನ ಅದು. ಪದರಗಳನ್ನು ಅಡ್ಡಲಾಗಿ ದಾಟುವ ಶಾಖಕ್ಕೆ ಸಿಕ್ಕ ವಾಹಕತೆ, ಶುದ್ಧ ಗ್ಯಾಲಿಯಂ ಆರ್ಸೆನೈಡಿನ ಹತ್ತನೇ ಒಂದು ಭಾಗದ ಆಸುಪಾಸು! 60 ಬರಬೇಕಾದ ಕಡೆ 5ರ ಸುತ್ತಮುತ್ತ. ಪರೀಕ್ಷೆಯಲ್ಲಿ ನೀವು ಹೀಗೆ ಬರೆದಿದ್ದರೆ ನಾವು ಮಾಸ್ತರುಗಳು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದೆವು.

ಗಾಳಿ ಇಲ್ಲ, ಹತ್ತಿ ಇಲ್ಲ. ಆದರೂ ಶಾಖ ನಿಂತಿತು. ಏಕೆ?

ಇದಕ್ಕೆ ಉತ್ತರ ಬೇಕಾದರೆ ಶಾಖ ಎಂದರೇನು ಎಂದೇ ಕೇಳಬೇಕು. ಉರ್ದುವಿನಲ್ಲಿ ಹರಾರತ್ ಎನ್ನುತ್ತೇವೆ, ಕನ್ನಡದಲ್ಲಿ ಉಷ್ಣ, ಶಾಖ, ಕಾವು. ಯಾವ ಪದವನ್ನು ಹಿಡಿದರೂ ಅದೊಂದು ದ್ರವ, ಹರಿಯುತ್ತದೆ ಎಂಬ ಭಾವನೆ ನಮ್ಮ ಮಾತಿನಲ್ಲೇ ಸೇರಿಕೊಂಡಿದೆ. ಆದರೆ ಹರಿಯುವ ವಸ್ತು ಯಾವುದೂ ಇಲ್ಲ. ಸ್ಫಟಿಕದೊಳಗೆ ಪರಮಾಣುಗಳು ಸ್ಪ್ರಿಂಗಿನಿಂದ ಕಟ್ಟಿದ ಗುಂಡುಗಳಂತೆ ಸಾಲಾಗಿ ನಿಂತಿವೆ. ಒಂದು ನಡುಗಿದರೆ ಪಕ್ಕದ್ದು ನಡುಗುತ್ತದೆ. ಆ ನಡುಕ ಅಲೆಯಾಗಿ ಸಾಗುತ್ತದೆ. ಅರೆವಾಹಕಗಳಲ್ಲಿ ಶಾಖವನ್ನು ಹೊರುವುದು ಹೆಚ್ಚಾಗಿ ಈ ಅಲೆಗಳೇ. ಬೆಳಕಿನ ಕಣವನ್ನು ಫೋಟಾನ್ ಎಂದಂತೆ, ಈ ನಡುಕದ ಕಣಕ್ಕೆ ಫೋನಾನ್ ಎಂದು ಹೆಸರು. ನಾನು ಇದಕ್ಕೆ ಕನ್ನಡ ಪದ ಹುಡುಕಲು ಹೋಗಲಿಲ್ಲ. ಗಾದಿ ಅಂಗಡಿಯಲ್ಲಿ ಫೋನಾನ್ ಎಂದರೂ ನಡೆಯಿತು.

ಇಲ್ಲಿ ಬೆಂಗಳೂರಿನ ಒಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಸ್ಫಟಿಕದ ಪರಮಾಣುಗಳು ಎಷ್ಟು ಬಗೆಯಲ್ಲಿ ನಡುಗಬಹುದು ಎಂಬ ಲೆಕ್ಕವನ್ನು ಮ್ಯಾಕ್ಸ್ ಬಾರ್ನ್ ಮತ್ತು ವಾನ್ ಕಾರ್ಮನ್ 1912ರಲ್ಲೇ ಕಟ್ಟಿದ್ದರು. ಇದೇ ಬಾರ್ನ್ 1935-36ರಲ್ಲಿ, ಜರ್ಮನಿಯಿಂದ ನಾಜಿಗಳ ದೆಸೆಯಿಂದ ಹೊರಬಿದ್ದಿದ್ದ ಕಾಲದಲ್ಲಿ, ಸರ್ ಸಿ.ವಿ. ರಾಮನ್ ಅವರ ಆಹ್ವಾನದ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಕೆಲವು ತಿಂಗಳಿದ್ದರು. ಮುಂದೆ 1940ರ ದಶಕದಲ್ಲಿ ಇದೇ ನಡುಕದ ವಿಷಯದಲ್ಲಿ ಇಬ್ಬರಿಗೂ ದೊಡ್ಡ ವಾದ ಹತ್ತಿತು. ನಡುಕದ ಆವರ್ತಗಳು ಒಂದಕ್ಕೊಂದು ಅಂಟಿಕೊಂಡ ನಿರಂತರ ಸಾಲು ಎಂದರು ಬಾರ್ನ್. ಅಲ್ಲ, ಎಣಿಸಬಹುದಾದ ಕೆಲವೇ ಬಿಡಿ ಆವರ್ತಗಳು ಎಂದರು ರಾಮನ್, ವಜ್ರದ ಮೇಲಿನ ತಮ್ಮ ಪ್ರಯೋಗಗಳನ್ನು ಮುಂದಿಟ್ಟು. 1950ರ ದಶಕದಲ್ಲಿ ನ್ಯೂಟ್ರಾನ್ ಪ್ರಯೋಗಗಳು ಬಂದ ಮೇಲೆ ಬಾರ್ನ್ ಅವರ ಚಿತ್ರವೇ ಸರಿ ಎಂದು ತೀರ್ಮಾನವಾಯಿತು. ನೊಬೆಲ್ ಪಡೆದ ರಾಮನ್ ಅವರೂ ಒಂದು ಮಾದರಿಯಲ್ಲಿ ಎಡವಿದರು ಎಂದಾಗ ಆ ಹುಡುಗಿಯ ಮುಖ ಅರಳಿದ್ದನ್ನು ನಾನು ನೋಡಿದೆ. ತನ್ನ ಲೆಕ್ಕ ತಪ್ಪಾದಾಗಲೆಲ್ಲ ಅತ್ತವಳು ಅವಳು. ಆದರೆ ರಾಮನ್ ಕಂಡುಹಿಡಿದ ಬೆಳಕಿನ ಪರಿಣಾಮ ಇವತ್ತಿಗೂ ಈ ಕ್ಷೇತ್ರದ ಕೈಗೋಲು. ಚಿಪ್ಪಿನ ಮೇಲೆ ಲೇಸರ್ ಬಿಟ್ಟು, ಚದುರಿದ ಬೆಳಕಿನ ಬಣ್ಣ ಎಷ್ಟು ಸರಿಯಿತೆಂದು ನೋಡಿ ಆ ಜಾಗದ ತಾಪಮಾನ ಹೇಳುತ್ತಾರೆ.

ಫೋನಾನಿಗೆ ಮರಳೋಣ. ಈದ್‌ನ ಹಿಂದಿನ ರಾತ್ರಿ ನಮ್ಮ ಬಜಾರನ್ನು ನೆನೆಸಿಕೊಳ್ಳಿ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಯಾರಿಗೋ ಡಿಕ್ಕಿ, ಅಲ್ಲಿಂದ ಬೇರೆ ಕಡೆ ತಿರುಗು, ಮತ್ತೆ ಡಿಕ್ಕಿ. ಬಜಾರಿನ ಉದ್ದ ಸಾವಿರ ಹೆಜ್ಜೆ ಎಂದಾದರೆ, ನೀವು ಆಚೆ ತುದಿ ಸೇರುವುದು ಎಷ್ಟು ಹೊತ್ತಿಗೆ ಎಂಬುದು ಡಿಕ್ಕಿಗಳ ನಡುವಿನ ಆ ನಾಲ್ಕು ಹೆಜ್ಜೆಯ ಮೇಲೆ ನಿಂತಿದೆ. ಫೂರಿಯೆಯ ನಿಯಮ ಇಂಥ ಉದ್ದ ಬಜಾರಿಗೆ ಹೇಳಿದ್ದು. ಆದರೆ ಬಜಾರೇ ಎರಡು ಹೆಜ್ಜೆ ಉದ್ದವಿದ್ದರೆ? ಡಿಕ್ಕಿಯ ಮಾತೇ ಇಲ್ಲ. ಈ ಬಾಗಿಲಲ್ಲಿ ಹೊಕ್ಕು ಆ ಬಾಗಿಲಲ್ಲಿ ಹೊರಗೆ. ಆಗ ನಿಮ್ಮನ್ನು ತಡೆಯುವುದು ಜನಸಂದಣಿಯಲ್ಲ, ಬಾಗಿಲು.

ಸಿಲಿಕಾನಿನಲ್ಲಿ ಫೋನಾನ್ ಒಂದು ಡಿಕ್ಕಿಯಿಂದ ಇನ್ನೊಂದಕ್ಕೆ ಎಷ್ಟು ದೂರ ಹೋಗುತ್ತದೆ? ಸರಳ ಸೂತ್ರ ಹಾಕಿದರೆ ಸುಮಾರು 40 ನ್ಯಾನೋಮೀಟರ್ ಎಂದು ಬರುತ್ತದೆ. ನಮ್ಮ ಹುಡುಗಿಯೂ ಮೊದಲು ಅದನ್ನೇ ಹಾಕಿ ಕೆಟ್ಟಳು. ಏಕೆಂದರೆ ಎಲ್ಲ ಫೋನಾನುಗಳೂ ಒಂದೇ ಅಲ್ಲ. ಕೆಲವು ಮೋಟು ದಾರಿಯವು, ಕೆಲವು ಬಹು ದೂರ ಸಾಗುವವು. ಕೋಣೆಯ ತಾಪಮಾನದಲ್ಲಿ ಸಿಲಿಕಾನಿನ ಶಾಖದಲ್ಲಿ ಸುಮಾರು ಶೇಕಡಾ 40ನ್ನು ಹೊರುವುದು ಒಂದು ಮೈಕ್ರಾನ್, ಅಂದರೆ 1000 ನ್ಯಾನೋಮೀಟರಿಗಿಂತಲೂ ಹೆಚ್ಚು ದೂರ ಸಾಗುವ ಫೋನಾನುಗಳು. ಸರಾಸರಿಯೊಂದನ್ನೇ ನಂಬಿದರೆ ಇವು ಕಾಣುವುದೇ ಇಲ್ಲ. ನಮ್ಮ ತರಗತಿಯ ಸರಾಸರಿ ಅಂಕದಂತೆ ಇದು. 55 ಎಂದು ಬರೆದುಬಿಡುತ್ತೇವೆ, 95 ತೆಗೆದವಳೂ 20 ತೆಗೆದವನೂ ಅದರಲ್ಲಿ ಮಾಯ.

ಇನ್ನೂ ಒಂದು ತೊಡಕಿದೆ, ನನಗೆ ಅರ್ಥವಾಗಲು ಬಹಳ ಹೊತ್ತು ಹಿಡಿದದ್ದು. ಫೂರಿಯೆಯ ನಿಯಮ ಬಳಸಬೇಕಾದರೆ ಪ್ರತಿಯೊಂದು ಬಿಂದುವಿಗೂ ಇಷ್ಟು ಎಂದು ತಾಪಮಾನ ಇರಬೇಕು. ತಾಪಮಾನ ಎಂಬುದು ಫೋನಾನುಗಳು ಒಂದಕ್ಕೊಂದು ಡಿಕ್ಕಿಯಾಗಿ, ಕೊಟ್ಟು ತೆಗೆದುಕೊಂಡು, ಬೆರೆತ ಮೇಲೆ ಹುಟ್ಟುವ ಲೆಕ್ಕ. ಐದು ನ್ಯಾನೋಮೀಟರ್ ಪದರದಲ್ಲಿ ಬಿಸಿ ಕಡೆಯಿಂದ ಬಂದವು ಬಿಸಿಯಾಗಿಯೇ, ತಂಪು ಕಡೆಯಿಂದ ಬಂದವು ತಂಪಾಗಿಯೇ ಎದುರುಬದುರು ಹಾದುಹೋಗುತ್ತವೆ. ಅಲ್ಲಿ ತಾಪಮಾನ ಎಷ್ಟು ಎಂದು ಕೇಳಿದರೆ ಪ್ರಶ್ನೆಯೇ ಸಡಿಲವಾಗುತ್ತದೆ. ಅದಕ್ಕಾಗಿ 1872ರಲ್ಲಿ ಬೋಲ್ಟ್ಸ್‌ಮನ್ ಅನಿಲಗಳಿಗೆ ಬರೆದ ಸಮೀಕರಣವನ್ನು 1929ರಲ್ಲಿ ಪೈಯರ್ಲ್ಸ್ ಸ್ಫಟಿಕದ ನಡುಕಗಳಿಗೆ ಹೊಂದಿಸಿದರು. ತಾಪಮಾನದ ಬದಲು, ಯಾವ ದಿಕ್ಕಿಗೆ ಎಷ್ಟು ಫೋನಾನುಗಳು ಹೋಗುತ್ತಿವೆ ಎಂಬ ಎಣಿಕೆ. ಕೈಯಲ್ಲಿ ಬಿಡಿಸಲು ಕಷ್ಟ. ಕಂಪ್ಯೂಟರಿನಲ್ಲಿ ಲಕ್ಷಾಂತರ ಫೋನಾನುಗಳನ್ನು ಬಿಟ್ಟು, ಪ್ರತಿಯೊಂದಕ್ಕೂ ದಾಳ ಉರುಳಿಸಿದಂತೆ, ಈಗ ಡಿಕ್ಕಿಯೇ, ಯಾವ ಕಡೆ ತಿರುಗಿತು ಎಂದು ನಿರ್ಧರಿಸುತ್ತ ಹೋಗುವ ವಿಧಾನವೊಂದಿದೆ. ಮಾಂಟೆ ಕಾರ್ಲೋ ಎನ್ನುತ್ತಾರೆ. ನಮ್ಮ ಹುಡುಗಿಯದು ಇದೇ. ರಾತ್ರಿಯಿಡೀ ಲ್ಯಾಪ್‌ಟಾಪ್ ಓಡಿಸುತ್ತಾಳೆ, ಕರೆಂಟು ಬಿಲ್ಲು ಬರುತ್ತದೆ ಎಂದು ಅವಳ ತಾಯಿ ಒಳಗಿನಿಂದಲೇ ದೂರಿದರು.

ಇನ್ನು ಬಾಗಿಲಿನ ವಿಷಯ. ಮನೆಯಲ್ಲಿ ಬಿರಿಯಾನಿ ದಮ್‌ಗೆ ಇಡುವಾಗ ಹಂಡಿಯ ಕೆಳಗೆ ಕಬ್ಬಿಣದ ತವಾ ಇಡುತ್ತೇವೆ. ಎರಡೂ ಲೋಹಗಳೇ ಆದರೂ, ತಳ ಹತ್ತದಂತೆ ಶಾಖ ನಿಧಾನವಾಗುತ್ತದೆ. ಎರಡರ ನಡುವಿನ ಸಂದಿನಲ್ಲಿರುವ ಗಾಳಿಗೆ ಅದರಲ್ಲಿ ದೊಡ್ಡ ಪಾಲು. ಆದರೆ ಸಂದೇ ಇಲ್ಲದಿದ್ದರೂ ಗಡಿ ತಡೆಯುತ್ತದೆ ಎಂಬುದು ಆಶ್ಚರ್ಯ. 1941ರಲ್ಲಿ ರಷ್ಯಾದ ಪ್ಯೋತರ್ ಕಪಿತ್ಸಾ, ಘನವಸ್ತುವಿನಿಂದ ದ್ರವ ಹೀಲಿಯಂಗೆ ಶಾಖ ದಾಟುವಾಗ ಗಡಿಯಲ್ಲೇ ತಾಪಮಾನ ಥಟ್ಟನೆ ಒಂದು ಮೆಟ್ಟಿಲು ಇಳಿಯುವುದನ್ನು ಪ್ರಕಟಿಸಿದರು. ಎರಡು ಘನವಸ್ತುಗಳ ನಡುವೆಯೂ ಹಾಗೆಯೇ.

ತೆಳು ಹಗ್ಗಕ್ಕೆ ದಪ್ಪ ಹಗ್ಗವನ್ನು ಗಂಟು ಹಾಕಿ ತೆಳು ತುದಿಯನ್ನು ಜಾಡಿಸಿ ನೋಡಿ, ಮಕ್ಕಳೇ, ಇದು ನೀವು ಮನೆಯಲ್ಲೇ ಮಾಡಬಹುದಾದ ಪ್ರಯೋಗ. ಅಲೆ ಗಂಟಿನವರೆಗೆ ಹೋಗಿ, ಸ್ವಲ್ಪ ಆಚೆ ದಾಟಿ, ಉಳಿದದ್ದು ಹಿಂದಕ್ಕೆ ಬರುತ್ತದೆ. ಗ್ಯಾಲಿಯಂ ಪರಮಾಣುವಿನ ತೂಕ ಸುಮಾರು 70, ಅಲ್ಯೂಮಿನಿಯಂನದು 27. ಎರಡು ಪದರಗಳಲ್ಲಿ ಪರಮಾಣುಗಳ ಅಂತರ ಹೆಚ್ಚುಕಡಿಮೆ ಒಂದೇ, ಆರ್ಸೆನಿಕ್ ಕೂಡ ಒಂದೇ. ತೂಕ ಮಾತ್ರ ಬೇರೆ. ಆದ್ದರಿಂದ ಪ್ರತಿ ಗಡಿಯೂ ಒಂದು ಗಂಟು.

ಒಂದು ಸಾಧಾರಣ ಗಡಿಯ ಲೆಕ್ಕ ಹೇಳುತ್ತೇನೆ. ಒಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ 10 ಕೋಟಿ ವ್ಯಾಟ್ ದಾಟಿಸುತ್ತದೆ ಎಂದುಕೊಳ್ಳಿ. ಕೇಳಲು ಭಾರೀ ಸಂಖ್ಯೆ. ಆದರೆ ಅದರ ತಡೆ ಒಂದೂವರೆ ಮೈಕ್ರಾನ್ ದಪ್ಪದ ಸಿಲಿಕಾನಿನ ತಡೆಗೆ ಸಮ! ದಪ್ಪವೇ ಇಲ್ಲದ ಒಂದು ಗೆರೆ, 1500 ನ್ಯಾನೋಮೀಟರ್ ಗೋಡೆಯಷ್ಟು ತಡೆಯುತ್ತದೆ. ಪದರಗಳು ಸಾವಿರವಾದರೆ ಇಂಥ ಗೆರೆಗಳೂ ಸಾವಿರ. ಫೂರಿಯೆಯ 60 ಎಲ್ಲಿ ಕರಗಿತೆಂದು ಈಗ ತಿಳಿಯಿತಲ್ಲ.

ಈ ಗಡಿಯನ್ನು ಲೆಕ್ಕದಲ್ಲಿ ಹೇಗೆ ಇಡುವುದು ಎಂಬುದರಲ್ಲಿ ಎರಡು ಪಕ್ಷಗಳಿವೆ. ಗಡಿ ಕನ್ನಡಿಯಷ್ಟು ನುಣುಪು, ಅಲೆ ನಿಯಮದಂತೆ ಬಾಗಿ ದಾಟುತ್ತದೆ ಎಂಬುದು ಒಂದು. ಗಡಿ ಒರಟು, ಅಲ್ಲಿಗೆ ಬಂದ ಫೋನಾನ್ ತಾನು ಎಲ್ಲಿಂದ ಬಂದೆ ಎಂಬುದನ್ನೇ ಮರೆತು ಯಾವ ಕಡೆಗಾದರೂ ಹೋಗುತ್ತದೆ ಎಂಬುದು ಇನ್ನೊಂದು. ನಿಜವಾದ ಗಡಿ ಎರಡರ ನಡುವೆ ಎಲ್ಲೋ ಇರುತ್ತದೆ. ಪರಮಾಣುಗಳು ಒಂದೆರಡು ಸಾಲು ಅತ್ತಿಂದಿತ್ತ ಬೆರೆತಿರುತ್ತವೆ.

ಅಷ್ಟರಲ್ಲಿ ತಂದೆ ಕೇಳಿದರು, "ಹಾಗಾದರೆ ಇನ್ನೂ ತೆಳು ಮಾಡುತ್ತ ಹೋದರೆ, ಗಡಿ ಹೆಚ್ಚುತ್ತ ಹೋಗಿ, ಕೊನೆಗೆ ಶಾಖ ಪೂರ್ತಿ ನಿಂತೇಬಿಡುತ್ತದೆಯೇ?"

ನಾನು ಹೌದು ಎನ್ನುವವನಿದ್ದೆ. ಮಗಳು ಒಮ್ಮೆಲೇ ಎದ್ದು ಕುಳಿತು, "ಇಲ್ಲ ಅಬ್ಬಾ, ಅದೇ ನನ್ನ ವಿಷಯ" ಎಂದಳು. ಪದರ ತೀರಾ ತೆಳುವಾದಾಗ ಅಲೆಗೆ ಒಂದೊಂದು ಗಡಿ ಬೇರೆ ಬೇರೆಯಾಗಿ ಕಾಣುವುದಿಲ್ಲ. ನೂಲು ನೂಲನ್ನು ಬಿಡಿಬಿಡಿಯಾಗಿ ನೋಡದೆ ಬಟ್ಟೆಯನ್ನೇ ನೋಡಿದ ಹಾಗೆ, ಇಡೀ ರಚನೆ ಅದಕ್ಕೆ ಒಂದೇ ಹೊಸ ಸ್ಫಟಿಕವಾಗುತ್ತದೆ. ಆಗ ವಾಹಕತೆ ಮತ್ತೆ ಏರುತ್ತದೆ. ಅಂದರೆ ನಡುವೆ ಎಲ್ಲೋ ಒಂದು ದಪ್ಪದಲ್ಲಿ ಅತಿ ಕಡಿಮೆ. ಸಿಮ್ಕಿನ್ ಮತ್ತು ಮಹಾನ್ 2000ದಲ್ಲಿ ಇದನ್ನು ಕಾಗದದ ಮೇಲೆ ಹೇಳಿದರು. 2014ರಲ್ಲಿ ಆಕ್ಸೈಡ್ ಪದರಗಳ ಮೇಲೆ ಪ್ರಯೋಗ ಮಾಡಿದವರು ಇಳಿದು ಮತ್ತೆ ಏರುವ ಆ ಗೆರೆಯನ್ನು ಸ್ಪಷ್ಟವಾಗಿ ತೋರಿಸಿದರು. ತನ್ನ ಪ್ರಶ್ನೆಗೆ ವಿಜ್ಞಾನಿಗಳಿಗೇ ಹದಿನಾಲ್ಕು ವರ್ಷ ಬೇಕಾಯಿತು ಎಂದು ತಿಳಿದಾಗ ಆ ತಂದೆ ಕುಳಿತ ರೀತಿಯೇ ಬದಲಾಯಿತು.

ಉಪಯೋಗ ಏನು ಎಂದು ಕೇಳುವಿರಿ. ನಿಮ್ಮ ಮನೆಯ ಎಲ್‌ಇಡಿ ಬಲ್ಬು ಸ್ವಲ್ಪ ಹೊತ್ತು ಉರಿದ ಮೇಲೆ ಕುತ್ತಿಗೆಯ ಬಳಿ ಬಿಸಿಯಾಗಿರುತ್ತದೆ. ಅದರೊಳಗೆ ನೀಲಿ ಬೆಳಕು ಹುಟ್ಟುವುದು ಕೆಲವೇ ನ್ಯಾನೋಮೀಟರ್ ದಪ್ಪದ ಪದರಗಳಲ್ಲಿ. ಶಾಖ ಅಲ್ಲಿಂದ ಹೊರಬರದಿದ್ದರೆ ಬೆಳಕು ಕುಗ್ಗಿ, ಆಯುಷ್ಯವೂ ಕಡಿಮೆಯಾಗುತ್ತದೆ. ಮೊಬೈಲ್ ಗೋಪುರಗಳಲ್ಲಿಯೂ, ಈಗ ಸಣ್ಣ ಚಾರ್ಜರುಗಳಲ್ಲಿಯೂ ಬರುವ ಗ್ಯಾಲಿಯಂ ನೈಟ್ರೈಡ್ ಟ್ರಾನ್ಸಿಸ್ಟರ್ ಕೂಡ ಪದರಗಳ ಆಟವೇ. ಇಂಥ ಟ್ರಾನ್ಸಿಸ್ಟರನ್ನು 1993ರಲ್ಲಿ ಅಮೆರಿಕದಲ್ಲಿ ಮೊದಲು ಮಾಡಿ ತೋರಿಸಿದವರು ಎಂ. ಆಸಿಫ್ ಖಾನ್ ಮತ್ತು ಅವರ ಸಂಗಡಿಗರು. ಈ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಲಿ ಎಂದು ಬೇಕೆಂದೇ ಹೇಳುತ್ತಿದ್ದೇನೆ. ಇದರಲ್ಲಿ ಶಾಖ ಬೇಗ ಹೊರಗೆ ಹೋಗಬೇಕು, ಗಡಿ ಶತ್ರು. ಇನ್ನೊಂದು ಕಡೆ, ವ್ಯರ್ಥ ಶಾಖದಿಂದ ನೇರವಾಗಿ ವಿದ್ಯುತ್ ತೆಗೆಯುವ ವಸ್ತುಗಳಿವೆ. ಅಲ್ಲಿ ವಿದ್ಯುತ್ ಹರಿಯಬೇಕು, ಶಾಖ ಹರಿಯಬಾರದು. ಗಡಿ ಅಲ್ಲಿ ಮಿತ್ರ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಈ ಬಗೆಯ ವಸ್ತುಗಳ ಮೇಲೆ ಕೆಲಸ ನಡೆಯುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗ್ಯಾಲಿಯಂ ನೈಟ್ರೈಡ್ ಮೇಲೆ ನಡೆಯುತ್ತಿದೆ. ದೂರದ ಮಾತಲ್ಲ, ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಇಳಿಯುವ ಊರು.

ಪೋಷಕರಿಗೆ ಎರಡು ವ್ಯವಹಾರದ ಮಾತು. ಬಿ.ಎಸ್ಸಿ. ಆದವರು ಜ್ಯಾಮ್ ಪರೀಕ್ಷೆ ಬರೆದು ಈ ಎರಡೂ ಸಂಸ್ಥೆಗಳ ಸಂಯೋಜಿತ ಪಿಎಚ್.ಡಿ.ಗೆ ಪ್ರಯತ್ನಿಸಬಹುದು. ಎಂ.ಎಸ್ಸಿ. ಆದವರಿಗೆ ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಸಿಕ್ಕರೆ 2023ರ ಜನವರಿಯಿಂದ ಜಾರಿಯಾದ ದರದಂತೆ ತಿಂಗಳಿಗೆ 37,000 ರೂಪಾಯಿ ಮತ್ತು ಮನೆ ಬಾಡಿಗೆ ಭತ್ಯೆ ಇದೆ. ಓದು ಎಂದರೆ ಖರ್ಚು ಎಂದೇ ತಿಳಿದಿದ್ದ ಆ ಮನೆಯಲ್ಲಿ ಈ ಸಂಖ್ಯೆ ಹೇಳಿದಾಗ ಅಡುಗೆಮನೆಯ ಸದ್ದು ನಿಂತದ್ದು ನನಗೆ ಕೇಳಿಸಿತು. ಅಲ್ಪಸಂಖ್ಯಾತ ಸಂಶೋಧಕರಿಗಿದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು 2022-23ರಿಂದ ಕೇಂದ್ರ ಸರ್ಕಾರ ನಿಲ್ಲಿಸಿದೆ. ಆದ್ದರಿಂದ ಪರೀಕ್ಷೆಯ ತಯಾರಿಯ ಒಂದು ವರ್ಷಕ್ಕೆ ಸಂಘದ ನಿಧಿಯಿಂದ ಪುಸ್ತಕ, ಪರೀಕ್ಷಾ ಶುಲ್ಕ, ಬೆಂಗಳೂರಿಗೆ ಹೋಗಿಬರುವ ಖರ್ಚು ಕೊಡಲು ಸಾಧ್ಯವೇ ಎಂದು ಅಧ್ಯಕ್ಷರನ್ನು ಈ ವೇದಿಕೆಯಿಂದಲೇ ಕೇಳುತ್ತಿದ್ದೇನೆ. ಕಾರ್ಯಕಾರಿ ಸಮಿತಿಯ ಮುಂದಿನ ಸಭೆಗೆ ಇದನ್ನು ಬರೆದೂ ಕೊಡುತ್ತೇನೆ.

ಆ ರಾತ್ರಿ ತಂದೆ ಹೌದು ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ನೆಟ್ ಪರೀಕ್ಷೆಯ ಅರ್ಜಿಗೆ ದುಡ್ಡು ಕೊಟ್ಟರು. ಅವಳ ಲೆಕ್ಕ ಇನ್ನೂ ಪ್ರಯೋಗಕ್ಕಿಂತ ಹೆಚ್ಚಿನ ವಾಹಕತೆಯನ್ನೇ ತೋರಿಸುತ್ತಿದೆ. ಗಡಿಯ ಒರಟುತನವನ್ನು ಸೇರಿಸಿ ಮತ್ತೆ ಓಡಿಸುತ್ತಿದ್ದಾಳೆ. ಪ್ರಶ್ನೆಗಳಿದ್ದರೆ ನನ್ನನ್ನಲ್ಲ, ಅವಳನ್ನೇ ಕೇಳಿ. ಮಹಿಳೆಯರ ಕಡೆ ಮೂರನೇ ಸಾಲಿನಲ್ಲಿ, ತಾಯಿಯ ಪಕ್ಕದಲ್ಲಿ ಕುಳಿತಿದ್ದಾಳೆ.